ವೆರ್ದಿಯೆ ಕಾಣದ ನೀಲಿ

"ಇನ್ನೂ ಸ್ವಲ್ಪ ನೀಲಿ," ಅಂದರು ವೆರ್ದಿಯೆ.

ವಾಣಿಶ್ರೀ ಬಲಗೈ ಕೆಳಗಿದ್ದ, ಬಣ್ಣ ಹೆಚ್ಚುಕಡಿಮೆ ಮಾಡುವ ಗುಂಡನ್ನು ಕೂದಲೆಳೆಯಷ್ಟು ಉರುಳಿಸಿದಳು. ಪರದೆಯ ಮೇಲೆ ಉಪ್ಪಿನ ರಾಶಿಗೆ ಒರಗಿ ನಿಂತಿದ್ದ ಹುಡುಗಿಯ ಕೆನ್ನೆಯಿಂದ ಇದ್ದಬದ್ದ ರಕ್ತವೆಲ್ಲ ಇಳಿದುಹೋಯಿತು.

"ಇನ್ನೂ."

ಉರುಳಿಸಿದಳು.

"ಹಾಂ, ಸಾಕು. ಈಗ ಬೆಳಗಾಯಿತು ನೋಡಿ, ಮದಾಮ್."

ವಾಣಿಗೆ ಬೆಳಗಾದ ಹಾಗೇನೂ ಕಾಣಲಿಲ್ಲ. ಹುಡುಗಿಗೆ ಜೀವ ಹೋದ ಹಾಗೆ ಕಂಡಿತು. ಪಕ್ಕದ ಚಿಕ್ಕ ಪರದೆಯಲ್ಲಿ ಬಣ್ಣ ಅಳೆದು ತೋರಿಸುವ ಗೆರೆಗಳಿದ್ದವು. ಅವುಗಳಲ್ಲಿ ನೀಲಿ ಗೆರೆಯೊಂದು ಮಿಕ್ಕವನ್ನೆಲ್ಲ ಬಿಟ್ಟು ಮೇಲೆ ಹತ್ತಿ ಕೂತಿತ್ತು. ಯಂತ್ರಕ್ಕೆ ದಾಕ್ಷಿಣ್ಯ ಇರುವುದಿಲ್ಲ. ವಾಣಿಗೆ ಬೇಕಾದಷ್ಟಿತ್ತು. "ಸರಿ ಸರ್" ಅಂದು ಮುಂದಿನ ದೃಶ್ಯಕ್ಕೆ ಹೋದಳು.

ತನ್ನ ಕೆಲಸ ಇಂಥದ್ದು ಅಂತ ಬೇ ಏರಿಯಾದ ಕನ್ನಡಿಗರಿಗೆ ಅರ್ಥಮಾಡಿಸುವುದು ವಾಣಿಗೆ ಯಾವಾಗಲೂ ಒಂದು ಫಜೀತಿ. ಅಲ್ಲಿ ಕಂಪನಿಯ ಹೆಸರೊಂದು ಹೇಳಿಬಿಟ್ಟರೆ ಮುಂದಿನ ಪ್ರಶ್ನೆಯೇ ಇರುವುದಿಲ್ಲ. ಇವಳು "ಹಳೇ ಸಿನಿಮಾಗಳ ಬಣ್ಣ ಸರಿಮಾಡ್ತೀನಿ" ಅಂದರೆ ಎದುರಿನವರು ತಟ್ಟೆಯಲ್ಲಿದ್ದ ಬಿಸಿಬೇಳೆಬಾತನ್ನು ಮರೆತು "ಅಂದ್ರೆ ಪೇಂಟಿಂಗಾ?" ಅನ್ನುತ್ತಿದ್ದರು. ಗಂಡ ಮಧುಕರ್ ಎಂಜಿನಿಯರು. ಅವನನ್ನು ಯಾರೂ ಹಾಗೆಲ್ಲ ಕೇಳುತ್ತಿರಲಿಲ್ಲ. ಅವಳು ಮಾತ್ರ ದಿನಾ ಬೆಳಿಗ್ಗೆ ಯೂನಿಯನ್ ಸಿಟಿಯಲ್ಲಿ ರೈಲು ಹತ್ತಿ, ಕೊಲ್ಲಿಯ ಕೆಳಗಿನ ಸುರಂಗ ದಾಟಿ, ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಗೋದಾಮಿನ ಎರಡನೇ ಮಹಡಿಯಲ್ಲಿದ್ದ ಕತ್ತಲೆಕೋಣೆಯಲ್ಲಿ ಕೂತು, ಸತ್ತವರ ಮುಖಗಳಿಗೆ ಬಣ್ಣ ಮರಳಿಸುತ್ತಿದ್ದಳು. ಅದರಲ್ಲಿ ಅವಳಿಗೆ ಒಂದು ದಿನವೂ ಬೇಸರ ಬಂದದ್ದಿಲ್ಲ.

ಈಗ ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಸಾಮಾನ್ಯರಲ್ಲ. ಆನ್ಸೆಲ್ಮ್ ವೆರ್ದಿಯೆ ಎಂದರೆ ಫ್ರಾನ್ಸಿನ ಕಲಾತ್ಮಕ ಚಿತ್ರಗಳ ಛಾಯಾಗ್ರಾಹಕರಲ್ಲಿ ದೊಡ್ಡ ಹೆಸರು. ಮುಖಕ್ಕೆ ದೀಪ ಹಿಡಿಯುವುದೆಂದರೆ ಅವರಿಗೆ ಆಗದು. ಸೂರ್ಯ ಕೊಟ್ಟಷ್ಟು ಸಾಕು, ಕೊಡದಿದ್ದರೆ ಕಾಯೋಣ ಅನ್ನುವ ಜಾತಿ. ಒಂದು ಮೋಡ ಸರಿಯಲಿ ಅಂತ ಇಡೀ ತಂಡವನ್ನು ಮಧ್ಯಾಹ್ನದವರೆಗೆ ಕೂರಿಸಿ ನಿರ್ಮಾಪಕರ ಹೊಟ್ಟೆ ಉರಿಸಿದವರು. ತಾರುಣ್ಯದಲ್ಲಿ ತೆಗೆದ 'ಉಪ್ಪಿನ ಹೊಲ' ಅವರನ್ನು ಮೇಲಕ್ಕೆತ್ತಿತು. ಫ್ರಾನ್ಸಿನ ಸಮುದ್ರದಂಚಿನಲ್ಲಿ ಉಪ್ಪು ಬೆಳೆಯುವ ಜನರ ಕಥೆ ಅದು. ಆಮೇಲೆ ಕಾಲ ಬದಲಾಯಿತು, ಕಾಯುವವರು ಯಾರಿಗೂ ಬೇಡವಾದರು. ಎಷ್ಟೋ ವರ್ಷ ಮೊಸರಿನ ಡಬ್ಬಿಯ ಜಾಹೀರಾತು ತೆಗೆದು ಸಂಸಾರ ನಡೆಸಿದರು. ಇನ್ನೇನು ಎಲ್ಲರೂ ಮರೆತರು ಅನ್ನುವಾಗ, ಎಪ್ಪತ್ತರ ಆಸುಪಾಸಿನಲ್ಲಿ, ಮೂರು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಮತ್ತೆ ಎದ್ದು ನಿಂತರು. ಆ ಮೂರರಲ್ಲೂ ಇಡೀ ಲೋಕ ತಣ್ಣನೆಯ ನೀಲಿಯಲ್ಲಿ ಅದ್ದಿದಂತಿತ್ತು. ಬಹುಮಾನಗಳು ಬಂದವು. ಸಿನಿಮಾ ಶಾಲೆಗಳಲ್ಲಿ 'ವೆರ್ದಿಯೆ ನೀಲಿ' ಅಂತಲೇ ಪಾಠವಾಯಿತು.

ಆ ಪಾಠ ಕೇಳಿದವರಲ್ಲಿ ವಾಣಿಯೂ ಒಬ್ಬಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಕೆಲಸದ ಪರ್ಮಿಟ್ಟಿಲ್ಲದೆ ಮನೆಯಲ್ಲಿ ಕೂತು ತಲೆಕೆಟ್ಟು, ಸ್ಯಾನ್ ಫ್ರಾನ್ಸಿಸ್ಕೋದ ಸಿನಿಮಾ ಶಾಲೆಗೆ ಸೇರಿದ್ದಳು. ವೆರ್ದಿಯೆಯ ಕೊನೆಯ ಚಿತ್ರ ನೋಡಿದ ದಿನ ವಾಪಸು ಬರುವಾಗ ರೈಲಿನಲ್ಲಿ ಸುಮ್ಮಸುಮ್ಮನೆ ಅತ್ತಿದ್ದಳು. ಅದು ಶೋಕದ ಬಣ್ಣ ಅಂತ ಪುಟಗಟ್ಟಲೆ ಪ್ರಬಂಧವನ್ನೂ ಬರೆದಳು. "ಇವಳು ನೀಲಿಚಿತ್ರದ ಮೇಲೆ ಪ್ರಬಂಧ ಬರೀತಿದಾಳೆ" ಅಂತ ಮಧುಕರ್ ಗೆಳೆಯರ ಮುಂದೆ ಕಿಚಾಯಿಸಿ, ಒಂದು ವಾರ ಅವಳ ಕೈಯಲ್ಲಿ ಬರೀ ಉಪ್ಪಿಟ್ಟು ತಿಂದಿದ್ದ.

ವೆರ್ದಿಯೆಗೆ ಈಗ ಎಂಬತ್ತು ದಾಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳು ಕ್ಲೇರ್ ಅವರನ್ನು ಕ್ಯಾಂಪ್‌ಬೆಲ್‌ನ ತನ್ನ ಮನೆಗೆ ಕರೆತಂದಿದ್ದಳು. 'ಉಪ್ಪಿನ ಹೊಲ'ವನ್ನು ಮತ್ತೆ ಹೊಸದಾಗಿಸುವ ಕೆಲಸ ವಾಣಿಯ ಲ್ಯಾಬಿಗೆ ಬಂದಾಗ, ಅದನ್ನು ತೆಗೆದವರೇ ಒಂದು ಗಂಟೆಯ ದಾರಿಯಲ್ಲಿದ್ದಾರೆ ಅಂತ ಗೊತ್ತಾಗಿ ಎಲ್ಲರಿಗೂ ಹಬ್ಬವಾಯಿತು. ಬೇರೆ ದಾರಿಯೂ ಇರಲಿಲ್ಲ. ಹಳೆಯ ಪ್ರಿಂಟುಗಳೆಲ್ಲ ಬಣ್ಣ ಇಳಿದು ಕೆಂಪಗಾಗಿದ್ದವು. ನಿರ್ದೇಶಕ ತೀರಿಹೋಗಿ ಬಹಳ ಕಾಲವಾಗಿತ್ತು. ಆ ಬೆಳಗು ಯಾವ ಬಣ್ಣದ್ದಾಗಿತ್ತು ಅಂತ ಹೇಳಬಲ್ಲವರು ಈ ಭೂಮಿಯ ಮೇಲೆ ಇವರೊಬ್ಬರೇ. ಇವರು ನೋಡಿ ಒಪ್ಪಿ ಸಹಿ ಹಾಕಿದರೆ ಅದೇ ಕೊನೆ. ಇನ್ನು ಮುಂದೆ ಲೋಕ ನೋಡುವ 'ಉಪ್ಪಿನ ಹೊಲ' ಅದೇ.

ವಾಣಿಯ ನಿದ್ದೆ ಕೆಡಿಸಿದ್ದು ಇದೇ. ಕೆಡದೆ ಉಳಿದಿದ್ದ ಮೂಲ ನೆಗೆಟಿವನ್ನು ಮೊದಲ ಸಲ ಪರದೆಗೆ ಹಾಕಿದಾಗ ಉಪ್ಪು ಬಿಳಿಯಾಗಿತ್ತು, ಹುಡುಗಿಯ ಕೆನ್ನೆ ಕೆನ್ನೆಯ ಬಣ್ಣಕ್ಕಿತ್ತು. ವೆರ್ದಿಯೆ ಬಂದು ಕೂತವರೇ "ಛೆ, ಎಲ್ಲ ಬೆಣ್ಣೆ ಸವರಿದ ಹಾಗಿದೆ, ಆ ಹಳದಿ ತೆಗೆಯಿರಿ" ಅಂದರು. ಅಂದಿನಿಂದ ದಿನಾ ನೀಲಿ, ಇನ್ನೂ ನೀಲಿ.

ಅವಳು ಲ್ಯಾಬಿನ ಒಡತಿ ಗ್ರೆಟಾಳ ಹತ್ತಿರ ಹೋಗಿ ಹೇಳಿದಳು.

"ತೆಗೆದವನೇ ಎದುರಿಗೆ ಕೂತು ನೀಲಿ ಬೇಕು ಅಂತಿದ್ದಾನೆ," ಅಂದಳು ಗ್ರೆಟಾ. "ಅಲ್ಲ ಅನ್ನೋಕೆ ನೀನ್ಯಾರು, ನಾನ್ಯಾರು? ಕೊನೆಕೊನೆಗೆ ಅವನ ಕೈ ನೀಲಿಗೆ ತಿರುಗಿತು. ಈಗ ಹಳೆಯದನ್ನೂ ಹಾಗೇ ನೋಡಬೇಕು ಅನ್ನಿಸಿರಬಹುದು. ಅದು ಅವನ ಹಕ್ಕು."

ಗ್ರೆಟಾ ಕೆಟ್ಟವಳಲ್ಲ. ಅವಳು ಹೇಳಿದ್ದೂ ನ್ಯಾಯವೇ. ವಾಣಿ ಬಾಯಿ ಮುಚ್ಚಿಕೊಂಡು ವಾಪಸು ಬಂದಳು.

ದಿನಾ ಮಧ್ಯಾಹ್ನ ವಾಣಿಯೂ ವೆರ್ದಿಯೆಯೂ ಕಿಟಕಿಯ ಹತ್ತಿರ ಕೂತು ಊಟ ಮಾಡುತ್ತಿದ್ದರು. ವೆರ್ದಿಯೆಯದು ಬ್ರೆಡ್ಡು, ಒಂದು ಚೂರು ಚೀಸು. ವಾಣಿಯದು ಮನೆಯ ಡಬ್ಬಿ. ಮುದುಕರು ಮಾತಿಗೆ ಕೂತರೆ ಬಲು ಚೆಂದ. ಉಪ್ಪಿನ ಹೊಲದಲ್ಲಿ ಕ್ಯಾಮೆರಾ ಸಮೇತ ಕೆಸರಿಗೆ ಬಿದ್ದದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸುತ್ತಿದ್ದರು. ವಾಣಿಯ ಡಬ್ಬಿಯೊಳಗೆ ಇಣುಕಿ ನೋಡುವುದೂ ಅವರಿಗೊಂದು ಆಟ. ಆ ದಿನ ಮೊಸರನ್ನ ಇತ್ತು.

"ಇವತ್ತು ಬೆಣ್ಣೆ ಹಾಕಿದ ಅನ್ನವೋ?" ಅಂದರು.

"ಅಲ್ಲ ಸರ್, ಮೊಸರು."

"ನಿಮ್ಮ ಮೊಸರಿಗೆ ಒಳ್ಳೇ ಬಣ್ಣ ಬರುತ್ತದೆ," ಅಂದು ತಲೆದೂಗಿದರು. ಅಮೆರಿಕದ ಮೊಸರಿಗೆ ಎಲ್ಲಿಯ ಬಣ್ಣ ಅಂತ ವಾಣಿ ನಕ್ಕು ಸುಮ್ಮನಾದಳು. ಅಷ್ಟಕ್ಕೇ ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೊಳೆದದ್ದು ಆ ಶನಿವಾರ, ಮನೆಯಲ್ಲಿ, ಅತ್ತೆಯ ಕೈಯಲ್ಲಿ ಬೈಸಿಕೊಂಡಾಗ.

ಅತ್ತೆ ಮರಿತಾಯಮ್ಮ ಮಂಡ್ಯದ ಕಡೆಯವರು. ಮೈಸೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಇನ್ನೊಂದನ್ನು ಊರಿಗೆ ವಾಪಸಾದಮೇಲೆ ನೋಡೋಣ ಅಂತ ಬಿಟ್ಟು, ಮಗನ ಮನೆಗೆ ಬಂದಿದ್ದರು. ಬಂದಾಗಿನಿಂದ ಹೊಸ ಕಣ್ಣಿನದೇ ಸಡಗರ. ಮೊಮ್ಮಗಳು ಲಾಸ್ಯಾಳನ್ನು ಹಿಡಿದು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು, ಅದನ್ನು ಮುಚ್ಚಿ ಇದರಲ್ಲಿ ನೋಡುವುದು.

"ಈ ಕಣ್ಣಲ್ಲಿ ಗ್ವಾಡೆ ಬೆಳ್ಳಕ್ಕಿ ಇದ್ದಂಗೈತೆ. ಈ ಕಣ್ಣಲ್ಲಿ ನೋಡು, ಬೆಲ್ಲದ್ ನೀರು ಬಳುದಂಗೈತೆ. ಎಲ್ಡೂ ಒಂದೇ ಗ್ವಾಡೆ ಕಣೇ!"

"ದಟ್ಸ್ ಸೋ ವಿಯರ್ಡ್, ಅಜ್ಜಿ," ಅಂತ ಲಾಸ್ಯಾಳೂ ತನ್ನ ಕಣ್ಣು ಮುಚ್ಚಿ ನೋಡಿದಳು. ಅವಳಿಗೆ ಎರಡೂ ಒಂದೇ ಥರ ಕಂಡು ನಿರಾಸೆಯಾಯಿತು.

ಆ ಬೆಳಿಗ್ಗೆ ಒಗೆದ ಬಟ್ಟೆ ಮಡಿಸಿ ಬೀರುವಿನಲ್ಲಿಡಲು ಹೋದ ಮರಿತಾಯಮ್ಮ ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ವಾಣಿ ಹೋಗಿ ನೋಡಿದರೆ ಮಂಚದ ಮೇಲೆ ಕೂತಿದ್ದರು. ತೊಡೆಯ ಮೇಲೆ ಒಂದು ಸೀರೆ. ಅಚ್ಚ ಬಿಳಿ, ಅಂಚಿನಲ್ಲೂ ಒಂದೆಳೆ ಬಣ್ಣವಿಲ್ಲ.

ಮೂರು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಅಂತ ಅತ್ತೆಯೇ ಮಂಡ್ಯದಿಂದ ಯಾರದೋ ಕೈಯಲ್ಲಿ ಕಳಿಸಿದ ಸೀರೆ ಅದು. ಕಟ್ಟು ಬಿಚ್ಚಿದಾಗ ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ಗೌರಿ ಹಬ್ಬದಲ್ಲಿ, ಮುತ್ತೈದೆ ಸೊಸೆಗೆ, ಗಂಡ ಸತ್ತವರು ಉಡುವ ಬಿಳಿಸೀರೆ! ಬೇಕಂತ ಮಾಡುವ ಹೆಂಗಸಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. "ವಯಸ್ಸಾಯ್ತು ಅಮ್ಮಂಗೆ, ಹೇಳಿದ್ರೆ ನೊಂದ್ಕೋತಾಳೆ" ಅಂದಿದ್ದ ಮಧುಕರ್. ವಾಣಿ ಫೋನಿನಲ್ಲಿ "ತುಂಬಾ ಚೆನ್ನಾಗಿದೆ ಅತ್ತೆ" ಅಂದು, ಸೀರೆಯನ್ನು ಬೀರುವಿನ ತಳಕ್ಕೆ ತುರುಕಿದ್ದಳು.

"ಇದು ನಾನು ಕಳ್ಸಿದ್ದಲ್ವಾ?" ಅಂದರು ಮರಿತಾಯಮ್ಮ.

"ಹೌದು ಅತ್ತೆ."

"ಅಂಗ್ಡಿ ಹೊಸ್ಲಿಗೆ ತಂದು ಬಿಸ್ಲಿಗೆ ಹಿಡ್ದು ನೋಡಿ ತಗಂಡೆ ಕಣವ್ವ. ಅರಿಸಿನದ್ ನೀರಲ್ಲಿ ಅದ್ದಿ ತಗುದಂಗಿತ್ತು ನನ್ ಕಣ್ಗೆ. ಅಂಗ್ಡಿಯೋನ್ನ ಬೈಯಂಗೂ ಇಲ್ಲ. ಗಂಡ ಸತ್ತೋಳು ಬಂದು ಬಿಳೀದನ್ನ ಬೊಟ್ಟು ಮಾಡುದ್ರೆ, ಅವ್ಳಿಗೇ ಅನ್ಕತಾನೆ." ಸ್ವಲ್ಪ ಹೊತ್ತು ಸೀರೆಯ ಮೇಲೆ ಕೈಯಾಡಿಸಿದರು. "ನಿಂಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ?"

"ನಿಮಗೆ ಬೇಜಾರಾಗುತ್ತೆ ಅಂತ ಅತ್ತೆ..."

"ಬೇಜಾರಾಗ್ಲಿ ಅಂತ ಯೋಳ್ಬೇಕಾಗಿತ್ತು!" ಮರಿತಾಯಮ್ಮನ ದನಿ ಏರಿತು. "ಈಗೇನ್ ಸಂತೋಸ ಆಯ್ತಾ ನಂಗೆ? ಅವತ್ತೇ ಯೋಳಿದ್ರೆ ಅವತ್ತೇ ಕಣ್ಣು ತೋರುಸ್ಕತಿದ್ದೆ. ಇದಾದ್ಮೇಲೆ ನನ್ ಮಗ್ಳಿಗೂ ಇಂಥದ್ನೇ ತಂದ್ಕೊಟ್ಟೆ. ಅವ್ಳೂ ಬಾಯ್ ಬುಡ್ಲಿಲ್ಲ. ಊರೆಲ್ಲ ಸೇರಿ ಮುದ್ಕಿನ ಮಳ್ಳಿ ಮಾಡುದ್ರಿ. ಕನಿಕರ ಅಂತೆ ಕನಿಕರ. ಎದುರ್ಗೆ ಒಂದ್ ಮಾತು ಯೋಳಕ್ಕೆ ನಾನೇನ್ ಸತ್ತೋಗಿದ್ನಾ?"

ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುವಾಗಲೂ ಹೊಸ ಕಣ್ಣಿಗೆ ನೋವಾಗದ ಹಾಗೆ ನೋಡಿಕೊಂಡರು. ವಾಣಿ ಅವರ ಕಾಲ ಬಳಿ ನೆಲದ ಮೇಲೆ ಕೂತಳು. ತಪ್ಪಾಯಿತು ಅಂದಳು. ಅತ್ತೆಯ ಸಿಟ್ಟು ಮಧ್ಯಾಹ್ನದ ಕಾಫಿಯ ಹೊತ್ತಿಗೆ ಇಳಿಯಿತು. ವಾಣಿಯ ತಲೆಯಲ್ಲಿ ಮಾತ್ರ ಒಂದು ಮಾತು ಗಿರಗಿರ ತಿರುಗುತ್ತಿತ್ತು: ಬಿಸಿಲಿಗೆ ಹಿಡಿದು ನೋಡಿದೆ, ಅರಿಸಿನದ ನೀರಲ್ಲಿ ಅದ್ದಿದಂಗಿತ್ತು. ಬೆಣ್ಣೆ ಹಾಕಿದ ಅನ್ನ. ಬೆಣ್ಣೆ ಸವರಿದ ಉಪ್ಪು.

ಮುದುಕರಿಗೆ ನೀಲಿ ಬೇಕಾಗಿರಲಿಲ್ಲ. ಅವರ ಕಣ್ಣಿಗೆ ಲೋಕವೆಲ್ಲ ಹಳದಿಯಾಗಿತ್ತು. ಆ ಹಳದಿಯನ್ನು ಹೊಡೆದೋಡಿಸಲು ನೀಲಿ ಸುರಿಯುತ್ತಿದ್ದರು. ನೀಲಿ ಹೆಚ್ಚಾದದ್ದು ಅವರಿಗೆ ಕಾಣುತ್ತಲೇ ಇರಲಿಲ್ಲ.

ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಪೊರೆ ಒಂದು ದಿನದಲ್ಲಿ ಬರುವುದಲ್ಲ, ವರ್ಷಗಟ್ಟಲೆ ಬೆಳೆಯುತ್ತದೆ. ಹಾಗಾದರೆ ಆ ಕೊನೆಯ ಮೂರು ಚಿತ್ರಗಳು? ಆ ಬಹುಮಾನಗಳು, ಪಾಠಗಳು, ತಾನು ಬರೆದ ಶೋಕದ ಬಣ್ಣ? ಅಂದಿನ ಲ್ಯಾಬಿನವರೂ ತನ್ನ ಹಾಗೇ "ಸರಿ ಸರ್" ಅಂದಿರಬೇಕು. ದೊಡ್ಡ ಮನುಷ್ಯ ನೀಲಿ ಅಂದ, ಇವರು ಸುರಿದರು, ಲೋಕ ಚಪ್ಪಾಳೆ ತಟ್ಟಿತು. ಈಗ ಬಾಯಿಬಿಟ್ಟರೆ 'ಉಪ್ಪಿನ ಹೊಲ' ಉಳಿದೀತು, ಆದರೆ ಎಂಬತ್ತು ದಾಟಿದವರಿಗೆ ಅವರ ಎರಡನೇ ಜೀವನವೇ ಸುಳ್ಳಾಗುತ್ತದೆ. ಬಾಯಿ ಮುಚ್ಚಿಕೊಂಡರೆ ಅವರು ನೆಮ್ಮದಿಯಿಂದ ಸಹಿ ಹಾಕುತ್ತಾರೆ. ಆ ಉಪ್ಪಿನ ಹುಡುಗಿ ಹೆಣದ ಬಣ್ಣದಲ್ಲೇ ಉಳಿಯುತ್ತಾಳೆ.

ಭಾನುವಾರವೆಲ್ಲ ಅವಳು ಒದ್ದಾಡಿದಳು. ಮಧುಕರ್ "ನಿನಗ್ಯಾಕೆ ಊರ ಉಸಾಬರಿ, ಗ್ರೆಟಾನೇ ಹೇಳಿದಾಳಲ್ಲ" ಅಂದ. ಅತ್ತೆಯನ್ನು ಕೇಳಬೇಕಾದ ಅಗತ್ಯ ಇರಲಿಲ್ಲ. ಅವರ ಉತ್ತರ ಆಗಲೇ ಕಿವಿ ತುಂಬಿತ್ತು.

ಸೋಮವಾರ ಊಟದ ಹೊತ್ತಿಗೆ ವಾಣಿ ಡಬ್ಬಿ ಬಿಚ್ಚಲಿಲ್ಲ. ವೆರ್ದಿಯೆಗೆ ಸೀರೆಯ ಕಥೆ ಹೇಳಿದಳು. ನಮ್ಮ ಕಡೆ ಬಿಳಿಸೀರೆ ಯಾರು ಉಡುತ್ತಾರೆ, ಯಾರಿಗೆ ಕೊಡಬಾರದು, ಅಂಗಡಿಯಿಂದ ಸೀರೆಯನ್ನು ಹೊಸ್ತಿಲಿಗೆ ತಂದು ಬಿಸಿಲಿಗೆ ಹಿಡಿದು ಯಾಕೆ ನೋಡುತ್ತಾರೆ, ಎಲ್ಲ ಹೇಳಿದಳು.

"ಸರಿಯಾದ ಕೆಲಸ!" ಅಂದರು ವೆರ್ದಿಯೆ. "ಅಂಗಡಿಯ ದೀಪ ನಂಬಬಾರದು. ನಿಮ್ಮ ಅತ್ತೆ ನನ್ನ ತಂಡದಲ್ಲಿ ಇರಬೇಕಿತ್ತು."

ಅಂಗಡಿಯವನು ತಪ್ಪು ತಿಳಿದದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯ ಕಣ್ಣಿನ ಪೊರೆಯ ಮಾತು ಬಂದಾಗ ನಗು ಸಣ್ಣಗಾಯಿತು. ಮಗಳಿಗೂ ಬಿಳಿಸೀರೆ ಕೊಟ್ಟದ್ದು, ಯಾರೂ ಬಾಯಿ ಬಿಡದಿದ್ದದ್ದು ಹೇಳುವ ಹೊತ್ತಿಗೆ ನಿಂತೇಹೋಯಿತು.

"ಮದಾಮ್, ಈ ಕಥೆ ನನಗೆ ಯಾಕೆ ಹೇಳಿದಿರಿ?"

ವಾಣಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಉಪ್ಪು ಬಿಳಿಯಾಗೇ ಇತ್ತು ಸರ್. ನಾವು ಮುಟ್ಟುವ ಮುಂಚೆ ಬಿಳಿಯಾಗೇ ಇತ್ತು. ಈಗ ನೀಲಿಯಾಗಿದೆ. ನನ್ನ ಕಣ್ಣು ಹಾಗನ್ನುತ್ತದೆ, ಯಂತ್ರವೂ ಹಾಗೇ ಅನ್ನುತ್ತದೆ. ಮೊದಲ ದಿನವೇ ಹೇಳಬೇಕಿತ್ತು. ಹೆದರಿದೆ."

ವೆರ್ದಿಯೆ ಬ್ರೆಡ್ಡನ್ನು ಕಾಗದದಲ್ಲಿ ನಿಧಾನವಾಗಿ ಸುತ್ತಿಟ್ಟರು.

"ಡಾಕ್ಟರು ಏನೋ ಅಂದಿದ್ದ. ಸ್ವಲ್ಪ ಮೋಡ ಕವಿದಿದೆ, ವಯಸ್ಸಿಗೆ ಸಹಜ ಅಂತ. ಮೋಡ ಅಂದರೆ ನನಗೆ ಭಯವಿಲ್ಲ ಅಂದೆ. ಬಣ್ಣದ ಮಾತು ಅವನು ಎತ್ತಲಿಲ್ಲ." ಎದ್ದು ನಿಂತರು. ಮುಖ ಕೆಂಪಾಗಿತ್ತು. "ನಿಮ್ಮ ವಯಸ್ಸಿಗಿಂತ ಹೆಚ್ಚು ವರ್ಷ ನಾನು ಬೆಳಕು ನೋಡಿ ಅನ್ನ ತಿಂದಿದ್ದೇನೆ. ನಾಳೆ ಈ ಕುರ್ಚಿಯಲ್ಲಿ ಬೇರೆ ಯಾರಾದರೂ ಇರಲಿ."

ಕೋಟು ತೋಳಿಗೇರಿಸದೆ ಹಾಗೇ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದುಹೋದರು. ಗ್ರೆಟಾ ಬಂದು ವಾಣಿಗೆ ಎಷ್ಟು ಬೈಯಬೇಕೋ ಅಷ್ಟು ಬೈದಳು. ಚಿತ್ರ ಅರ್ಧಕ್ಕೆ ನಿಂತಿತು. ವಾಣಿಗೆ ಬೇರೆ ಯಾವುದೋ ಕೌಬಾಯ್ ಸಿನಿಮಾದ ಕೆಲಸ ಕೊಟ್ಟರು. ಅವಳು ಕುದುರೆಗಳ ಬಣ್ಣ ಸರಿಮಾಡುತ್ತಾ, ಒಬ್ಬ ಒಳ್ಳೆಯ ಮನುಷ್ಯನ ಮುಪ್ಪನ್ನು ಹಾಳುಮಾಡಿದೆನಲ್ಲ ಅಂತ ಒಳಗೊಳಗೇ ಬೇಯುತ್ತಿದ್ದಳು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಬಾಗಿಲು ತೆರೆದುಕೊಂಡಿತು. ವೆರ್ದಿಯೆ ಒಳಗೆ ಬಂದು, ಏನೂ ಆಗಿಲ್ಲವೆಂಬಂತೆ ತಮ್ಮ ಹಳೇ ಕುರ್ಚಿಯಲ್ಲಿ ಕೂತರು. ಬಲಗಣ್ಣು ಸ್ವಲ್ಪ ಕೆಂಪಗಿತ್ತು. ಎಡಗಣ್ಣು ಅಡ್ಡ ಬರದಿರಲಿ ಅಂತ ಅದಕ್ಕೆ ಒಂದು ಕರಿಬಟ್ಟೆ ಕಟ್ಟಿಕೊಂಡಿದ್ದರು.

"ಬಲಗಡೆಯದ್ದು ಆಯಿತು. ಎಡಗಡೆಯದ್ದಕ್ಕೆ ಇನ್ನೊಂದು ದಿನ ಕೊಟ್ಟಿದ್ದಾರೆ," ಅಂದರು. "ನಾನು ಒಪ್ಪಿದ್ದನ್ನು ಹಾಕಿ ನೋಡೋಣ."

ವಾಣಿ ಹಾಕಿದಳು. ಉಪ್ಪಿನ ರಾಶಿಗೆ ಒರಗಿದ ಹುಡುಗಿ ಬಂದಳು. ಮುದುಕರು ಫ್ರೆಂಚಿನಲ್ಲಿ ತಮಗೆ ತಾವೇ ಏನೋ ಬೈದುಕೊಂಡರು.

"ಈ ಹುಡುಗಿಯನ್ನು ನಾನು ಕೊಂದಿದ್ದೆ. ನೀವು ನನ್ನ ಕೈ ಹಿಡಿದು ತಡೆದಿರಿ. ಮೊದಲಿನಿಂದ ಶುರುಮಾಡೋಣ, ಮದಾಮ್."

ಶುರುಮಾಡಿದರು. ಹೊಸ ಕಣ್ಣಿನ ವೆರ್ದಿಯೆ ಹುಡುಗನ ಹಾಗಿದ್ದರು. ಆ ಬೆಳಗಿನ ಮೊದಲ ಬಿಸಿಲು ಉಪ್ಪಿನ ಒಂದು ಮಗ್ಗುಲಿಗೆ ಮಾತ್ರ ತಾಗಬೇಕು, ಇನ್ನೊಂದು ಮಗ್ಗುಲು ಇನ್ನೂ ನಿದ್ದೆಯಲ್ಲಿರಬೇಕು ಅಂತ ಕೈ ಬಾಯಿ ಆಡಿಸಿ ವಿವರಿಸುತ್ತಿದ್ದರು. ಕೆಲಸ ಮುಗಿದ ದಿನ ಗ್ರೆಟಾ ಹಿಂದೆ ನಿಂತು ನೋಡಿ, ವಾಣಿಯ ಹೆಗಲು ಒತ್ತಿದಳು. ಪರದೆಯ ಮೇಲಿನ ಹುಡುಗಿ ಈಗ ಉಸಿರಾಡುತ್ತಿದ್ದಳು. ವೆರ್ದಿಯೆ ಸಹಿ ಹಾಕಿದರು.

ಸಹಿ ಹಾಕಿದ ಮೇಲೆ ಪೆನ್ನು ಕೆಳಗಿಡದೆ, "ನನ್ನ ಕೊನೆಯ ಚಿತ್ರ ನಿಮ್ಮಲ್ಲಿ ಇದೆಯೇ?" ಅಂದರು.

ಇತ್ತು. ವಾಣಿಗೆ ಹಾಕಲು ಮನಸ್ಸಿರಲಿಲ್ಲ, ಆದರೂ ಹಾಕಿದಳು. ನೀಲಿ ರಸ್ತೆ, ನೀಲಿ ಮನೆಗಳು. ಅಡಿಗೆಮನೆಯ ಕಿಟಕಿಯ ಹತ್ತಿರ ಅವರೆ ಥರದ ಕಾಳು ಸುಲಿಯುತ್ತಾ ಕೂತ ಒಬ್ಬ ವಯಸ್ಸಾದ ಹೆಂಗಸು ಬಂದಳು. ವೆರ್ದಿಯೆ ಕೈಯೆತ್ತಿ "ಸಾಕು" ಅಂದರು. ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಬಹುಮಾನ ತಂದ ನೀಲಿಯನ್ನು ಮೊದಲ ಸಲ ಕಂಡ ಆಘಾತ ಅಂದುಕೊಂಡಳು ವಾಣಿ. ಅವಳಿಗೂ ಕಣ್ಣು ತುಂಬಿತು.

ಆಮೇಲೆ ಕ್ಲೇರ್‌ಳ ಫೋನು ಬಂತು.

"ಅಪ್ಪ ಎಡಗಣ್ಣಿನ ಆಪರೇಷನ್ ಬೇಡ ಅಂತ ಹಟ ಹಿಡಿದಿದ್ದಾರೆ. ಒಂದು ದಿನ ಗೊತ್ತುಮಾಡಿದ್ದನ್ನು ತಾವೇ ಫೋನ್ ಮಾಡಿ ರದ್ದು ಮಾಡಿಸಿದ್ದಾರೆ. ಬಿಟ್ಟರೆ ಅಪಾಯವೇನಿಲ್ಲ, ಆದರೆ ಒಂದು ಕಣ್ಣು ಹೀಗೆ ಒಂದು ಕಣ್ಣು ಹಾಗೆ ಇಟ್ಟುಕೊಂಡು ಮೆಟ್ಟಿಲಲ್ಲಿ ಎಡವುತ್ತಾರೆ. ಮೊದಲನೆಯದಕ್ಕೆ ಒಪ್ಪಿಸಿದವರು ನೀವು. ಇದಕ್ಕೂ ನೀವೇ ಒಪ್ಪಿಸಿ."

ಆ ಶನಿವಾರ ವಾಣಿ ಕ್ಯಾಂಪ್‌ಬೆಲ್‌ಗೆ ಹೋದಳು. ಅತ್ತೆ ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬ ಕೈಯಲ್ಲಿತ್ತು. ಒಪ್ಪಿಸಲು ಬೇಕಾದ ಮಾತುಗಳನ್ನೆಲ್ಲ ಫ್ರೀವೇಯಲ್ಲೇ ಜೋಡಿಸಿಕೊಂಡಿದ್ದಳು. ಕ್ಲೇರ್ ಬಾಗಿಲು ತೆರೆದು ಒಳಗಿನ ಕೋಣೆ ತೋರಿಸಿ, ತಾನು ಅಡಿಗೆಮನೆಗೆ ಹೋದಳು.

ಪರದೆ ಎಳೆದ ಕೋಣೆಯಲ್ಲಿ ವೆರ್ದಿಯೆ ಟೀವಿಯ ಮುಂದೆ ಕೂತಿದ್ದರು. ಅದೇ ಚಿತ್ರ. ಕಿಟಕಿಯ ಹತ್ತಿರ ಕಾಳು ಸುಲಿಯುವ ಹೆಂಗಸು. ಅವಳು ತಲೆಯೆತ್ತಿ ಹೊರಗೆ ನೋಡಿ, ಏನೋ ನೆನಪಾದವಳಂತೆ ಸಣ್ಣಗೆ ನಗುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುತ್ತಿದ್ದರು. ಬಲ ಅಂಗೈಯಿಂದ ಹೊಸ ಕಣ್ಣನ್ನು ಮುಚ್ಚಿಕೊಂಡಿದ್ದರು.

"ಬನ್ನಿ, ಕೂತುಕೊಳ್ಳಿ," ಅಂದರು ತಿರುಗದೆ. "ಇವಳು ಒಡೀಲ್. ನನ್ನ ಹೆಂಡತಿ."

ವಾಣಿ ಕೂತಳು.

"ನಟಿಯಲ್ಲ. ಆ ದಿನ ಬರಬೇಕಾದವಳಿಗೆ ಜ್ವರ. ನನಗೆ ಊಟ ತಂದುಕೊಟ್ಟು ಹೋಗಲು ಬಂದಿದ್ದ ಇವಳನ್ನು ಹಿಡಿದು ಕೂರಿಸಿದೆ. ನಾಲ್ಕಾರು ತಿಂಗಳಿಗೆ ತೀರಿಕೊಂಡಳು. ಆಗ ಕಾಯಿಲೆಯ ಸುಳಿವೇ ಇರಲಿಲ್ಲ." ಅಂಗೈ ತೆಗೆಯದೆ ಮಾತಾಡುತ್ತಿದ್ದರು. "ಎಲ್ಲರೂ ಬರೆದರು, ಶೋಕದ ನೀಲಿ ಅಂತ. ಊಟಕ್ಕೆ ಕೂತಾಗ ಒಮ್ಮೆ ನೀವೂ ಬರೆದಿದ್ದೇನೆ ಅಂದಿರಿ. ನನಗೆ ಏನೂ ಅರ್ಥವಾಗುತ್ತಿರಲಿಲ್ಲ, ದೊಡ್ಡವರು ಹೇಳುತ್ತಾರೆ ಅಂತ ತಲೆಯಾಡಿಸಿದೆ. ನಾನು ಶೋಕ ತೆಗೆದಿರಲಿಲ್ಲ ಮದಾಮ್. ಚಳಿಗಾಲ ಮುಗಿದ ಮೇಲಿನ ಮೊದಲ ಬಿಸಿಲು ತೆಗೆದಿದ್ದೆ. ಅವಳ ಮುಖದ ಮೇಲೆ ಅದು ಬೀಳಲಿ ಅಂತ ಅರ್ಧ ದಿನ ಕಾದಿದ್ದೆ."

ವಾಣಿ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡಳು.

"ಹೊಸ ಕಣ್ಣಲ್ಲಿ ನೋಡಿದರೆ ಇವಳು ಆಗಲೇ ಸತ್ತಿದ್ದಾಳೆ," ಅಂದರು.

"ನಾನು ಇದನ್ನೂ ಸರಿಮಾಡಬಲ್ಲೆ ಸರ್," ಅಂದಳು ವಾಣಿ. "ಈ ಒಂದು ದೃಶ್ಯ. ನಿಮಗೆ ಮಾತ್ರ. ಹಳದಿ ಮರಳಿಸಿದರೆ ಆಯಿತು."

"ಎಷ್ಟು ಹಳದಿ? ಆವತ್ತು ನಾನು ಕಂಡದ್ದು ಎಷ್ಟು ಅಂತ ನಿಮ್ಮ ಯಂತ್ರಕ್ಕೆ ಗೊತ್ತೇ? ನಿಮಗೆ ಗೊತ್ತೇ?" ಮೊದಲ ಸಲ ಅವಳ ಕಡೆ ತಿರುಗಿದರು. ಮುಚ್ಚದೆ ಬಿಟ್ಟ ಎಡಗಣ್ಣಿನ ಪಾಪೆಯ ನಡುವೆ ಮಂಜು ಕವಿದಿತ್ತು. "ಗೊತ್ತಿರುವುದು ಈ ಕಣ್ಣೊಂದಕ್ಕೆ. ಇದನ್ನೂ ತೆಗೆದುಬಿಟ್ಟರೆ ಅವಳನ್ನು ನೋಡುವುದು ಯಾವುದರಲ್ಲಿ?"

ವಾಣಿ ರಿಮೋಟನ್ನು ತೆಗೆದುಕೊಂಡು ದೃಶ್ಯವನ್ನು ಹಿಂದಕ್ಕೆ ಒಯ್ದಳು. ಇಬ್ಬರೂ ಇನ್ನೊಮ್ಮೆ ನೋಡಿದರು. ಒಡೀಲ್ ಕಾಳು ಸುಲಿದಳು, ತಲೆಯೆತ್ತಿದಳು, ನಕ್ಕಳು. ಮುದುಕರ ಮುಖವೂ ಅದರ ಜೊತೆ ಅರಳಿತು. ವಾಣಿಗೆ ಎಷ್ಟು ನೋಡಿದರೂ ನೀಲಿಯೇ ಕಂಡಿತು.

ಹೊರಡುವಾಗ ಕ್ಲೇರ್ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಒಪ್ಪಿದರಾ?"

"ಗೊತ್ತಿಲ್ಲ," ಅಂದಳು ವಾಣಿ. "ನಾನು ಕೇಳಲಿಲ್ಲ. ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿಬಿಡಿ."